ತುಂಡುಕಲ್ಲೇ ಸಾಕು

ಕ್ಷೌರದ ಕತ್ತಿಗೆ ಕಟ್ಟಕಡೆಯ ಹದವನ್ನು ಕೊಡುವುದರಲ್ಲಿ ಜಪಾನಿನ ಕ್ಯೋಟೋ ನಗರದ ಸುತ್ತಣ ಬೆಟ್ಟಗಳ ಮಸೆಗಲ್ಲನ್ನು ಮೀರಿಸುವ ಕಲ್ಲು ಬೇರೊಂದಿಲ್ಲವೆಂದು, ಇಂದಿಗೂ ಉದ್ದಲಗಿನ ಕತ್ತಿಯಿಂದಲೇ ಮುಖಕ್ಷೌರ ಮಾಡಿಕೊಳ್ಳುವ ಅಲ್ಪಸಂಖ್ಯಾತ ರಸಿಕರು ನಾನಾ ದೇಶಗಳಲ್ಲಿ ಹೇಳುತ್ತ ಬಂದಿದ್ದಾರೆ. ಆ ಮಾತನ್ನು ನಾನು ಬಹುಮಟ್ಟಿಗೆ ಒಪ್ಪುವವನು. ಆದರೆ ಅಷ್ಟನ್ನು ಒಪ್ಪಿದ ಮಾತ್ರಕ್ಕೆ, ಹಳೆಯ ಗಣಿಯ ಮುದ್ರೆಯೊತ್ತಿದ, ಚೌಕವಾಗಿ ಕೊಯ್ದ, ಬಿರುಕಾಗಲಿ ಗೆರೆಯಾಗಲಿ ಇಲ್ಲದ ದೊಡ್ಡ ಹಲಗೆಗಲ್ಲುಗಳನ್ನೇ ಅರಸಿ, ಒಂದೊಂದಕ್ಕೆ ಲಕ್ಷಗಟ್ಟಲೆ ರೂಪಾಯಿ ತೆತ್ತು, ತಂದು ಪೆಟ್ಟಿಗೆಯಲ್ಲಿರಿಸಿ ಆಗಾಗ ತೆರೆದು ನೋಡುವ ಅವರ ವ್ಯಸನವನ್ನೂ ಒಪ್ಪಬೇಕಾದುದಿಲ್ಲ. ಕ್ಷೌರದ ಕತ್ತಿಗೆ ಅಂಥ ಕಲ್ಲು ಬೇಕಾಗಿಲ್ಲ. ಬೇಕಾದವರು ಬೇರೆ ಇದ್ದಾರೆ.

ಈ ಕಲ್ಲಿನ ಜಾತಕ ಸಾಮಾನ್ಯವಾದುದಲ್ಲ. ಸುಮಾರು 25 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗ ಮುಗಿದು ಟ್ರಯಾಸಿಕ್ ಯುಗ ತೊಡಗುವ ಸಂಧಿಯಲ್ಲಿ, ಭೂಮಿಯ ಜೀವರಾಶಿಯ ಬಹುಭಾಗ ಅಳಿದುಹೋದಾಗ, ಅಲ್ಲಿಯವರೆಗೆ ಮಹಾಸಾಗರದ ತಳದಲ್ಲಿ ರೇಡಿಯೋಲೇರಿಯಾ ಎಂಬ ಸೂಕ್ಷ್ಮಜೀವಿಗಳ ಸಿಲಿಕಾಮಯ ಕವಚಗಳು ಪದರಪದರವಾಗಿ ಕೂಡಿ ಚರ್ಟ್ ಶಿಲೆಯಾಗುತ್ತಿದ್ದ ಕ್ರಮವೇ ಬಹುಕಾಲ ನಿಂತುಹೋಯಿತು. ಆ ಬರಿದಾದ ಅವಧಿಯಲ್ಲಿ ಅತಿಸೂಕ್ಷ್ಮವಾದ ಜೇಡಿ ಮತ್ತು ಕ್ವಾರ್ಟ್ಜ್ ಕಣಗಳು ಮಾತ್ರ ಮೆಲ್ಲಮೆಲ್ಲನೆ ತಳಕ್ಕಿಳಿದು ಗಟ್ಟಿಯಾದುವು. ಮುಂದೆ ಜುರಾಸಿಕ್ ಯುಗದಲ್ಲಿ ಸಾಗರತಳದೊಡನೆ ಸರಿದುಬಂದು ಏಷ್ಯಾದ ಅಂಚಿಗೆ ಒತ್ತಿಕೊಂಡು, ಇಂದಿನ ನರುತಕಿ, ಉಮೆಗಹತಾ, ಕಮೆಓಕಾ ಪ್ರದೇಶಗಳ ಬೆಟ್ಟಗಳಲ್ಲಿ ಮಡಿಸಿಟ್ಟಂತೆ ಉಳಿದುವು. ನಮ್ಮ ಗಲ್ಲದ ಮೇಲಿನ ಎರಡು ದಿನದ ಕೂದಲಿಗೂ ಅಂಥ ಪ್ರಳಯಕ್ಕೂ ನಂಟುಂಟೆಂಬುದನ್ನು ನೆನೆದರೆ ನಗು ಬರುತ್ತದೆ, ಸ್ವಲ್ಪ ಭಯವೂ ಆಗುತ್ತದೆ.

ಕೃತಕ ಮಸೆಗಲ್ಲಿಗೆ ಅಂಕೆಯುಂಟು. ಜಪಾನಿನ ಕೈಗಾರಿಕಾ ಮಾನದಂಡದಂತೆ 8000 ಎಂದು ಗುರುತಿಸಿದ ಕಲ್ಲಿನ ಕಣದ ಸರಾಸರಿ ಗಾತ್ರ 1.2 ಮೈಕ್ರಾನ್, ಯಾವ ಅಂಗಡಿಯಲ್ಲಿ ಕೊಂಡರೂ ಅದು ಹೆಚ್ಚುಕಡಮೆ ಅಷ್ಟೇ. ಕತ್ತಿಯ ಮುಕ್ಕು ತೆಗೆಯುವುದು, ಬಾಯಿ ಕಟ್ಟುವುದು, ಒರಟು ಗೆರೆಗಳನ್ನು ಅಳಿಸುವುದು ಇವಕ್ಕೆಲ್ಲ ಕೃತಕ ಕಲ್ಲೇ ಯೋಗ್ಯವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ; ಅಷ್ಟಕ್ಕೂ ಬೆಟ್ಟದ ಕಲ್ಲನ್ನು ಸವೆಸುವುದು ದುಂದು. ಬೆಟ್ಟದ ಕಲ್ಲಿಗಾದರೋ ಅಂಕೆಯಿಲ್ಲ. ಒಂದೇ ಗಣಿಯ ಒಂದೇ ಪದರದಿಂದ ಬಂದ ಎರಡು ತುಂಡುಗಳಲ್ಲಿ ಒಂದು ಗಾಜಿನಂತೆ ಬಿರುಸು, ಇನ್ನೊಂದು ಮೃದು. ಆದುದರಿಂದ ಮಸೆಯುವವನು ಕಲ್ಲಿನ ಮೇಲೆ ಎರಡು ಹನಿ ನೀರು ಬಿಟ್ಟು, ಮಿಕಾವಾ ಪ್ರಾಂತದಿಂದ ಬರುವ ನಗುರಾ ಎಂಬ ಚಿಕ್ಕ ಕಲ್ಲಿನಿಂದಲೋ, ಅದೇ ಕಲ್ಲಿನ ಚೂರಿನಿಂದಲೋ ತೇಯ್ದು, ಹಾಲಿನಂಥ ಗಂಜಿಯೆಬ್ಬಿಸಿ, ಅದರ ಮೇಲೆ ಕತ್ತಿಯ ಬೆನ್ನೂ ಬಾಯಿಯೂ ಏಕಕಾಲದಲ್ಲಿ ತಾಗುವಂತೆ ಮಲಗಿಸಿ, ಭಾರ ಹಾಕದೆ ಎಳೆದು, ಗಂಜಿಯನ್ನು ಹಂತಹಂತವಾಗಿ ತೆಳುವು ಮಾಡುತ್ತ, ಕೊನೆಗೆ ಬರಿಯ ನೀರಿನಲ್ಲಿ ಮುಗಿಸುತ್ತಾನೆ. ಆಮೇಲೆ ತೊಗಲ ಪಟ್ಟಿ. ಹೀಗೆ ಸಿದ್ಧವಾದ ಅಲಗು ಕೂದಲನ್ನು ಕತ್ತರಿಸಿಯೂ ಚರ್ಮವನ್ನು ಕೆರೆಯದೆ ಜಾರುತ್ತದೆಂಬುದೇ ಇದರ ಕೀರ್ತಿ; ಕನ್ನಡಿಯಂಥ ಹೊಳಪು ಇದರ ಗುರಿಯಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಕತ್ತಿಯನ್ನು ಕಲ್ಲಿನ ಮೇಲೆ ಹಿಮ್ಮಡಿಯಿಂದ ತುದಿಯವರೆಗೆ ಓರೆಯಾಗಿ ಎಳೆಯುವುದರಿಂದ, ಕಲ್ಲು ಅಲಗಿನಷ್ಟು ಅಗಲವಿರಬೇಕಾದ ಅಗತ್ಯವೇ ಇಲ್ಲ. ಎರಡು ಬೆರಳಗಲದ ಕಲ್ಲೂ ಅಲಗಿನ ಪ್ರತಿಯೊಂದು ಭಾಗವನ್ನೂ ಮುಟ್ಟುತ್ತದೆ. ಬೆನ್ನೇ ಕೋನವನ್ನು ಕಾಯುವುದರಿಂದ ಕೈ ಓಲಾಡುವ ಭಯವೂ ಇಲ್ಲ. ಕತ್ತಿಯ ಭಾರ ಅತ್ಯಲ್ಪ, ಎಳೆತ ಹಗುರ. ಬಿರುಸು ಕಲ್ಲೊಂದು ಮನೆಯ ಕತ್ತಿಗಳಿಗೆ ತಲೆಮಾರುಗಳವರೆಗೆ ಸಾಲುತ್ತದೆ. ಬಡಗಿಯ ಸ್ಥಿತಿ ಹಾಗಲ್ಲ. ಜಪಾನಿನ ಕೀಸುಳಿಯ ಬ್ಲೇಡು ಸಾಮಾನ್ಯವಾಗಿ 70 ಮಿಲಿಮೀಟರು ಅಗಲ. ಅದರ ಇಡೀ ಮುಖ ಕಲ್ಲಿನ ಮೇಲೆ ಸಮನಾಗಿ ಕೂತರೆ ಮಾತ್ರ, ಕಾಗದಕ್ಕಿಂತಲೂ ತೆಳುವಾದ ಮರದ ಸುರುಳಿ ಹೊರಡುತ್ತದೆ. ದಿನವೂ ದೇಗುಲದ ಕಂಬ ತೊಲೆಗಳನ್ನು ಕೀಸುವವನ ಕಲ್ಲು ದಿನವೂ ಸವೆಯುತ್ತದೆ. ಖಡ್ಗಕ್ಕೆ ಹೊಳಪು ಕೊಡುವವರಿಗೂ ಅಷ್ಟೆ. ತೊಕುಗಾವಾ ಇಯೆಯಾಸುವಿನಿಂದ 1615ರಲ್ಲಿ ತಕಗಮಿನೆಯ ಭೂಮಿಯನ್ನು ಪಡೆದು ಅಲ್ಲಿ ಕಲಾವಿದರ ನೆಲೆಯನ್ನೇ ಕಟ್ಟಿದ ಹೋನಾಮಿ ಕೋಯೆತ್ಸುವಿನ ಮನೆತನದ ವೃತ್ತಿ ಅದೇ ಆಗಿತ್ತು. ಆ ಕುಶಲಿಗಳೂ ಕಟ್ಟಕಡೆಗೆ ಬಳಸುವುದು, ಕಾಗದಕ್ಕೆ ಅಂಟಿಸಿ ಹೆಬ್ಬೆರಳಿನಡಿ ಇಟ್ಟುಕೊಂಡು ಉಜ್ಜುವ ಕಲ್ಲಿನ ಚಕ್ಕೆಯನ್ನೆಂಬುದು ಬೇರೆ ಮಾತು. ಆದರೆ ಆ ಘಟ್ಟಕ್ಕೆ ಬರುವ ಮುನ್ನ ಅವರಿಗೆ ದೊಡ್ಡ ಕಲ್ಲೇ ಆಗಬೇಕು.

ಕ್ಯೋಟೋದ ಗಣಿಗಳಲ್ಲಿ ಬಹುಪಾಲು ಮುಚ್ಚಿಹೋಗಿವೆ. ಹೊಸದಾಗಿ ಹುಟ್ಟದ ಸರಕು ಇದು. ಹಲಗೆಗಲ್ಲೊಂದು ಸಂಗ್ರಾಹಕನ ಕಪಾಟನ್ನು ಸೇರಿತೆಂದರೆ ಕೆಲಸಗಾರನೊಬ್ಬನ ಕೈಯಿಂದ ಜಾರಿತೆಂದೇ ಅರ್ಥ. ನಕಾಯಾಮಾ ಗಣಿಯ ಮುದ್ರೆಯಿದ್ದರೆ ಬೆಲೆ ಮತ್ತೂ ಏರುತ್ತದೆ. ಆದರೆ ಮುದ್ರೆ ಬರಿಯ ಮಸಿ, ಯಾರು ಬೇಕಾದರೂ ಒತ್ತಬಹುದು, ಉಕ್ಕಿಗೆ ಅದು ತಿಳಿಯುವುದೂ ಇಲ್ಲ. ಕೊಯ್ಯುವಾಗ ಉಳಿಯುವ ಅಡ್ಡಾದಿಡ್ಡಿ ತುಂಡುಗಳನ್ನು ಕೊಪ್ಪಾ ಎಂದು ಅಗ್ಗಕ್ಕೆ ಮಾರುವುದುಂಟು. ಅದೇ ಪದರ, ಅದೇ ಕಣ. ಆಕಾರ ಮಾತ್ರ ಸೊಟ್ಟ. ಕ್ಷೌರದ ಕತ್ತಿಯವರು ಇದನ್ನೇ ಕೊಳ್ಳತಕ್ಕದ್ದು: ಬಿರುಸಾದುದನ್ನು ಆರಿಸಿ, ಅಲಗಿಗೆ ತಗಲುವ ಗೆರೆಗಳಿಲ್ಲವೆಂದು ಉಗುರಿನಿಂದ ಸವರಿ ನೋಡಿ, ಮೇಲ್ಮೈಯನ್ನು ಸಮಮಾಡಿ, ನೀರು ಹೊಕ್ಕು ಪದರ ಬಿಡದಂತೆ ಪಕ್ಕಗಳಿಗೆ ಅರಗನ್ನೋ ಗೇರಿನ ವಾರ್ನಿಷನ್ನೋ ಬಳಿದರಾಯಿತು. ಜಪಾನಿನ ವ್ಯಾಪಾರಿಗಳು ಈ ಕೆಲಸಕ್ಕೆ ಮೆಚ್ಚುವ ಆ ವಾರ್ನಿಷು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದಾದುದು. ಬೀಜ ಸುಲಿಯುವಾಗ ನಮ್ಮ ಕರಾವಳಿಯ ಹೆಂಗಸರ ಬೆರಳನ್ನು ಸುಡುವುದೂ ಅದೇ ಎಣ್ಣೆ.

ಹಲಗೆಗಲ್ಲಿನ ಸೊಬಗನ್ನು ನಾನು ಅಲ್ಲಗಳೆಯುವುದಿಲ್ಲ. ಮಾಸಿದ ಹಸುರು, ಹಳದಿ, ಕಾಗೆಯ ಬಣ್ಣದ ಚುಕ್ಕೆಗಳು ಕಣ್ಣಿಗೆ ಹಬ್ಬವೇ ಸರಿ. ಈಗಾಗಲೇ ಕೂಡಿಟ್ಟವರು ಮನಸ್ಸು ಒಪ್ಪಿದ ಒಂದನ್ನು ಇಟ್ಟುಕೊಂಡು ಉಳಿದುವನ್ನು ಬಡಗಿಗಳಿಗೆ ಕೈಗೆಟುಕುವ ಬೆಲೆಗೆ ಮಾರಿ ನೋಡಲಿ. ಕೊಳ್ಳುವ ಬಡಗಿಗಳೇ ದೊರೆಯದಿದ್ದರೆ ನನ್ನ ವಾದ ಬಿದ್ದುಹೋಯಿತೆಂದು ಒಪ್ಪಿಕೊಳ್ಳುವೆನು.