ನಿರ್ಜನ ಬಯಲಲ್ಲ, ಊರಿನ ಗೋಮಾಳ

ಇಂಗ್ಲೆಂಡಿನ ಡಾರ್ಟ್‌ಮೂರ್ ನೋಡಿಬಂದವರ ಫೋಟೋಗಳಲ್ಲಿ ಸಾಮಾನ್ಯವಾಗಿ ಮೂರೇ ಸಂಗತಿ ಇರುತ್ತವೆ: ಮಂಜು, ಬಂಡೆ, ಕುದುರೆ. ಕೆಳಗೊಂದು ಸಾಲು - "ಮನುಷ್ಯರ ಸುಳಿವೇ ಇಲ್ಲದ ಜಾಗ!" ಕುದುರೆಗಳ ಫೋಟೋ ನಾನೂ ತೆಗೆದಿದ್ದೇನೆ ಬಿಡಿ :) ನನ್ನ ತಕರಾರು ಇರೋದು ಆ ಸಾಲಿನ ಬಗ್ಗೆ.

ಡೆವನ್ ಕೌಂಟಿಯ ಈ 954 ಚದರ ಕಿ.ಮೀ. ಜಾಗ 1951ರಿಂದ ರಾಷ್ಟ್ರೀಯ ಉದ್ಯಾನ. ಹಾಗೆಂದ ಕೂಡಲೇ ಬಂಡೀಪುರವನ್ನು ನೆನೆಸಿಕೊಳ್ಳಬೇಡಿ. ಇದರೊಳಗೇ ಊರು, ಹೊಲ, ಚರ್ಚು, ಪಬ್ಬು ಎಲ್ಲಾ ಇವೆ. ಒಂದು ಕಾಲಕ್ಕೆ ಇಲ್ಲಿ ಬಹುಭಾಗ ಕಾಡಿತ್ತು. ಹವೆ ಬದಲಾಗಿದ್ದು ಒಂದು ಕಡೆ, ಜನ ಮರ ಕಡಿದು ದನಕುರಿ ಮೇಯಿಸಿದ್ದು ಇನ್ನೊಂದು ಕಡೆ. ಹೀಗೆ ಆದದ್ದು ಈ ಬೋಳು ಬಯಲು. ಗ್ರಿಮ್ಸ್‌ಪೌಂಡ್ ಎಂಬಲ್ಲಿ ಕಂಚಿನ ಯುಗದ 24 ಗುಡಿಸಲುಗಳ ಕಲ್ಲಿನ ಅಡಿಪಾಯ ಇಂದಿಗೂ ಕಾಣುತ್ತದೆ. ಪೋಸ್ಟ್‌ಬ್ರಿಜ್ ಊರಿನ ಕಲ್ಲುಚಪ್ಪಡಿಯ ಸೇತುವೆ ಮಧ್ಯಯುಗದ್ದು. ಸುಳಿವಿಲ್ಲದೆ ಏನು?

ಇನ್ನು ಆ "ಕಾಡು" ಕುದುರೆಗಳು... ಪ್ರತಿಯೊಂದಕ್ಕೂ ಯಜಮಾನರಿದ್ದಾರೆ! ಬಯಲಿನ ಮೂರನೇ ಒಂದು ಪಾಲಿಗಿಂತ ಹೆಚ್ಚು 'ಕಾಮನ್ಸ್', ಅಂದರೆ ನಮ್ಮ ಗೋಮಾಳದ ಹಾಗೆ. ಒಡೆತನ ಬೇರೆಯವರದು, ಮೇಯಿಸುವ ಹಕ್ಕು ಸುತ್ತಲಿನ ರೈತರದು. ಪ್ರತಿ ಶರತ್ಕಾಲದಲ್ಲಿ ಕುದುರೆಗಳನ್ನೆಲ್ಲ ಅಟ್ಟಿ ಒಟ್ಟುಗೂಡಿಸಿ, ಯಾರದು ಯಾವುದು ಎಂದು ಬೇರ್ಪಡಿಸುತ್ತಾರೆ.

ಮೇಯಿಸುವುದೆಲ್ಲ ಒಳ್ಳೆಯದೇ ಅಂತಲ್ಲ. ಎಷ್ಟು ಕುರಿ ಮೇಯಬಹುದು ಎಂದು 2023ರಲ್ಲಿ ದೊಡ್ಡ ಜಟಾಪಟಿಯೇ ಆಗಿ, ಸರ್ಕಾರ ಸ್ವತಂತ್ರ ಪರಿಶೀಲನೆ ನಡೆಸಬೇಕಾಯಿತು. ಅತಿಯಾದರೆ ಬಯಲು ಸವೆಯುತ್ತದೆ, ಪೂರ್ತಿ ನಿಂತರೆ ಪೊದೆ ಮುಚ್ಚಿಕೊಳ್ಳುತ್ತದೆ. ಈ ಹದ ಗೊತ್ತಿರುವವರು ಊರಲ್ಲಿರಬೇಕು ತಾನೆ?

ನಮ್ಮಂಥ ಪ್ರವಾಸಿಗಳಿಗೂ ಹಕ್ಕಿದೆ. 1985ರ ಕಾಯ್ದೆ ಕಾಮನ್ಸ್ ಮೇಲೆ ಓಡಾಡಲು ಬಿಡುತ್ತದೆ. ಗುಡಾರ ಹಾಕಿ ರಾತ್ರಿ ಕಳೆಯುವ ಹಕ್ಕನ್ನು 2023ರ ಜನವರಿಯಲ್ಲಿ ಹೈಕೋರ್ಟ್ ಇಲ್ಲವೆಂದಿತು. ಅದೇ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಇದೆಯೆಂದಿತು. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನನಗಂತೂ ಇದು ತುಂಬಾ ಖುಷಿಯ ಸಂಗತಿ. ಆದರೆ ಹಕ್ಕಿನ ಜೊತೆ ಋಣವೂ ಇರುತ್ತದಲ್ವಾ?

ಹಾಗಾಗಿ ಹೋಗುವವರಿಗೆ ನನ್ನದೊಂದು ಮಾತು: ಕುದುರೆಗೆ ತಿಂಡಿ ಹಾಕಬೇಡಿ. ರುಚಿ ಹತ್ತಿ ರಸ್ತೆಗೆ ಬಂದು ಕಾರಿಗೆ ಸಿಕ್ಕಿ ಸಾಯುತ್ತವೆ. ಬಂಡೆ ಹತ್ತಿ ಇಳಿದು ಸೀದಾ ಕಾರು ಹತ್ತುವ ಬದಲು ವೈಡ್‌ಕೂಂಬ್‌ನಂಥ ಊರಲ್ಲಿ ಒಂದು ದಿನ ಉಳಿಯಿರಿ. ಅಲ್ಲೇ ಉಣ್ಣಿ, ಅಲ್ಲೇ ನಾಲ್ಕು ಕಾಸು ಖರ್ಚು ಮಾಡಿ. ಊರು ಖಾಲಿಯಾದರೆ ಆ ಬಯಲೂ ಹೀಗೆ ಉಳಿಯಲಾರದು.

ನೀವೇನಂತೀರಿ?