ಹಾಜರಿ ಪುಸ್ತಕದ ಸೈನಿಕರು

ಮಸ್ಟರ್ ರೋಲ್ ಮೋಸ ಎಂದರೇನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಕೆರೆ ಹೂಳೆತ್ತಲು ಪಟ್ಟಿಯಲ್ಲಿ ಐವತ್ತು ಹೆಸರು, ಗುದ್ದಲಿ ಹಿಡಿದವರು ಇಪ್ಪತ್ತು, ಕೂಲಿ ಐವತ್ತಕ್ಕೂ ಪಾವತಿ. ಅಮೆರಿಕದಲ್ಲಿ ಇಂಥದ್ದೆಲ್ಲ ನಡೆಯುವುದಿಲ್ಲ ಎಂದು ನಂಬಿರುವ ನಮ್ಮವರು ಅಫ್ಘಾನಿಸ್ತಾನದ ಲೆಕ್ಕ ಓದಬೇಕು.

ಅಲ್ಲಿನ ಸೇನೆ ಮತ್ತು ಪೊಲೀಸರ ತರಬೇತಿ, ಸಂಬಳ, ಶಸ್ತ್ರಾಸ್ತ್ರಗಳಿಗೆ ಅಮೆರಿಕ ಇಪ್ಪತ್ತು ವರ್ಷಗಳಲ್ಲಿ ಮಂಜೂರು ಮಾಡಿದ್ದು ಸುಮಾರು 8,800 ಕೋಟಿ ಡಾಲರ್. ಕಣ್ಣಿಡಲೆಂದು 2008ರಲ್ಲಿ ಕಾಂಗ್ರೆಸ್ ರಚಿಸಿದ ತಪಾಸಣಾ ಕಚೇರಿ ಸಿಗಾರ್, ಕಾಗದದ ಮೇಲಷ್ಟೇ ಇರುವ 'ಭೂತ ಸೈನಿಕ'ರ ಬಗ್ಗೆ ಮತ್ತೆ ಮತ್ತೆ ಬರೆಯಿತು. ಹಣ ನಿಲ್ಲಲಿಲ್ಲ. 2017ರಲ್ಲಿ ಪಡೆಗಳ ಸಾಮರ್ಥ್ಯದ ಅಂಕಿಗಳನ್ನೇ ಗೋಪ್ಯವೆಂದು ಮುಚ್ಚಿಟ್ಟರು. 2021ರ ಆಗಸ್ಟ್ 15ರಂದು ಕಾಬೂಲ್ ಬಿತ್ತು.

ಸಿರಿಯಾದ ಬಂಡುಕೋರರ ತರಬೇತಿಗೆ 50 ಕೋಟಿ ಡಾಲರ್ ಇಟ್ಟರು. ಕಣದಲ್ಲಿ ಉಳಿದಿರುವವರು ನಾಲ್ಕೋ ಐದೋ ಮಂದಿ ಎಂದು 2015ರ ಸೆಪ್ಟೆಂಬರಿನಲ್ಲಿ ಜನರಲ್ ಲಾಯ್ಡ್ ಆಸ್ಟಿನ್ ಸೆನೆಟ್ ಸಮಿತಿಗೆ ಹೇಳಿದರು.

ಅಫ್ಘನ್ನರು ಕಾದಾಡಲಿಲ್ಲ ಎನ್ನುವುದು ಅನ್ಯಾಯದ ಮಾತು. ಅವರ ಸುಮಾರು 66,000 ಸೈನಿಕರು, ಪೊಲೀಸರು ಸತ್ತರು. ಪಟ್ಟಿಯಲ್ಲಿ ನೂರು ಹೆಸರಿದ್ದು ಠಾಣೆಯಲ್ಲಿ ಅರವತ್ತೇ ಮಂದಿ ನಿಂತರೆ, ಸುಳ್ಳು ಹಾಜರಿಯ ಬೆಲೆ ತೆರುವವರು ಆ ಅರವತ್ತು ಜನ. ಅವರ ನಾಡಿನವರೇ ನಮ್ಮ ಪಕ್ಕದ ಫ್ರೀಮಾಂಟ್‌ನ 'ಲಿಟ್ಲ್ ಕಾಬೂಲ್'ನಲ್ಲಿದ್ದಾರೆ.

ಎಷ್ಟು ಜನರಿಗೆ ತರಬೇತಿ ಕೊಟ್ಟೆವು ಎಂಬುದು ಬರೀ ಖರ್ಚಿನ ಬಾಬ್ತು. ಆ ಪಡೆ ಈಗ ಎಲ್ಲಿದೆ, ಎಷ್ಟಿದೆ ಎಂದು ಎಣಿಸಿ ಪ್ರಕಟಿಸುವವರೆಗೆ ಮುಂದಿನ ಕಂತು ಬಿಡಬಾರದು. ಮತ ಕೇಳಲು ದೇವಸ್ಥಾನಕ್ಕೂ ಕನ್ನಡ ಕೂಟಕ್ಕೂ ಬರುವ ಅಭ್ಯರ್ಥಿಗಳನ್ನು ಇದನ್ನೇ ಕೇಳೋಣ. ತೆರಿಗೆ ನಮ್ಮದು.