ಗೃಹವಿಚಾರ: ಪುಟ್ಟ ಪೆಟ್ಟಿಗೆಯಲ್ಲಿ ಸದ್ದಿಲ್ಲದ ಆಟದ ಕಂಪ್ಯೂಟರು

ಮನೆಯ ಮಕ್ಕಳು ಆಟಕ್ಕಾಗಿ ಕಂಪ್ಯೂಟರನ್ನು ಬೇಡುವುದು ಈಗ ಅಪೂರ್ವವಾದ ಸಂಗತಿಯಲ್ಲ. ಬೇಡುವವರಿಗೆ ಅದರ ವೇಗವೊಂದೇ ಮುಖ್ಯ. ಮನೆಯ ಯಜಮಾನನಿಗಾದರೋ ಇನ್ನೆರಡು ಪ್ರಶ್ನೆಗಳುಂಟು: ಅದನ್ನು ಎಲ್ಲಿ ಇಡಬೇಕು? ಅದರ ಸದ್ದನ್ನು ಯಾರು ಸಹಿಸಬೇಕು? ಪಟ್ಟಣಗಳಲ್ಲಿ ನಮ್ಮ ಅನೇಕರ ಮನೆಗಳು ಎರಡು ಕೋಣೆಗಳಲ್ಲಿಯೇ ಮುಗಿದುಹೋಗುವುವು. ಹುಡುಗನು ಆಡುವ ಕೋಣೆಯೇ ಅಜ್ಜಿಯು ಮಲಗುವ ಕೋಣೆಯೂ ತಂಗಿಯು ಪಾಠವನ್ನು ಓದುವ ಕೋಣೆಯೂ ಆಗಿರುವುದುಂಟು. ರಾತ್ರಿಯಲ್ಲಿ ಯಂತ್ರದ ಬೀಸಣಿಗೆಗಳು ಭೋರೆಂದು ಮೊರೆಯತೊಡಗಿದರೆ ನಿದ್ದೆಗೆಡುವವರು ಒಬ್ಬರು, ಬೈಸಿಕೊಳ್ಳುವವರು ಮತ್ತೊಬ್ಬರು. ಕಡೆಗೆ ಅಷ್ಟು ಹಣವನ್ನು ತಿಂದ ಯಂತ್ರವು ಬಟ್ಟೆ ಹೊದ್ದು ಮೂಲೆ ಸೇರುವುದು. ಆದಕಾರಣ, ಚಿಕ್ಕದಾಗಿಯೂ ಸದ್ದಿಲ್ಲದೆಯೂ ಇರುವಂತೆ ಇದನ್ನು ಕಟ್ಟಿಕೊಳ್ಳುವ ಕ್ರಮವನ್ನು ಈ ತಿಂಗಳು ವಿಚಾರ ಮಾಡುವೆವು.

ಮೊದಲು 'ಚಿಕ್ಕದು' ಎಂಬುದರ ಅಳತೆಯನ್ನು ತಿಳಿಯತಕ್ಕದ್ದು. ಈ ಪೆಟ್ಟಿಗೆಗಳನ್ನು ಪಾತ್ರೆಗಳಂತೆ ಲೀಟರಿನಲ್ಲಿ ಅಳೆಯುವ ವಾಡಿಕೆಯುಂಟು. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರುಗಳಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರು ಬರುವುದು. ಸಾಮಾನ್ಯವಾದ ನಿಲುವುಪೆಟ್ಟಿಗೆಯು ೪೦ ಲೀಟರಿಗೆ ಕಡಿಮೆಯಿಲ್ಲ. ನಮ್ಮ ಮನೆಗಳಿಗೆ ಬರುವ ಕುಡಿಯುವ ನೀರಿನ ಕ್ಯಾನು ೨೦ ಲೀಟರಿನದು. ಅತಿ ಚಿಕ್ಕದೆನ್ನಿಸಿಕೊಳ್ಳುವ ಪೆಟ್ಟಿಗೆಯು ಹೆಚ್ಚು ಕಡಿಮೆ ಅದರ ಅರ್ಧ. ೨೦೨೩ರಲ್ಲಿ ಹೊರಬಂದ ಫ್ರ್ಯಾಕ್ಟಲ್ ಡಿಸೈನ್ ಟೆರ್ರಾ ಎಂಬುದು ೧೦.೪ ಲೀಟರು, ಡ್ಯಾನ್ ಎ೪-ಎಸ್‌ಎಫ್‌ಎಕ್ಸ್ ಎಂಬುದು ೭ ಲೀಟರಿಗಿಂತ ತುಸು ಹೆಚ್ಚು. ಇಷ್ಟು ಸಂಕೋಚವು ಸಾಧ್ಯವಾದುದು ಎರಡು ಅಳತೆಗಳಿಂದ. ಮೊದಲನೆಯದು ೨೦೦೧ರಲ್ಲಿ ತೈವಾನಿನ ವಿಯಾ ಕಂಪೆನಿಯು ಪ್ರಕಟಿಸಿದ 'ಮಿನಿ-ಐಟಿಎಕ್ಸ್' ಎಂಬ ಮದರ್‌ಬೋರ್ಡು. ಇದು ೧೭ ಸೆಂಟಿಮೀಟರಿನ ಚೌಕ. ಎರಡನೆಯದು 'ಎಸ್‌ಎಫ್‌ಎಕ್ಸ್' ಎಂಬ ಪವರ್ ಸಪ್ಲೈ. ಇದರ ಅಗಲವು ೧೨.೫, ಆಳವು ೧೦, ಎತ್ತರವು ೬.೩೫ ಸೆಂಟಿಮೀಟರು. ಮಿನಿ-ಐಟಿಎಕ್ಸ್ ಬೋರ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಒಂದೇ ಸ್ಥಾನವಿರುವುದರಿಂದ, ಆಮೇಲೆ ಮತ್ತೇನನ್ನಾದರೂ ಸೇರಿಸುವೆವೆಂಬ ಆಸೆಯನ್ನು ಮೊದಲೇ ಬಿಡಬೇಕು.

ಇನ್ನು ಸದ್ದಿನ ವಿಚಾರ. ಕಂಪ್ಯೂಟರು ಲೆಕ್ಕ ಮಾಡುವಾಗ ಸದ್ದು ಮಾಡುವುದಿಲ್ಲ. ಬೆವರುವಾಗ ಸದ್ದು ಮಾಡುವುದು. ಅದು ಕುಡಿದ ವಿದ್ಯುತ್ತೆಲ್ಲವೂ ಕೊನೆಗೆ ಶಾಖವೇ ಆಗಿ ಪರಿಣಮಿಸುವುದು. ಆ ಶಾಖವನ್ನು ಗಾಳಿಯು ಹೊತ್ತೊಯ್ಯಬೇಕು. ಗಾಳಿಯನ್ನು ಬೀಸಣಿಗೆಯು ನೂಕಬೇಕು. ಲೆಕ್ಕವನ್ನು ನೋಡಿರಿ. ೩೦೦ ವ್ಯಾಟಿನ ಶಾಖವನ್ನು, ಹೊರಬರುವ ಗಾಳಿಯು ಒಳಹೋದುದಕ್ಕಿಂತ ೧೦ ಡಿಗ್ರಿ ಮಾತ್ರ ಬಿಸಿಯಾಗುವಂತೆ ಸಾಗಿಸಬೇಕಾದರೆ, ಸೆಕೆಂಡಿಗೆ ಸುಮಾರು ೨೬ ಲೀಟರು ಗಾಳಿಯು ಬೇಕು. ಎಂದರೆ ಹತ್ತು ಲೀಟರಿನ ಪೆಟ್ಟಿಗೆಯ ಗಾಳಿಯು ಒಂದು ಸೆಕೆಂಡಿನಲ್ಲಿ ಎರಡೂವರೆ ಸಲ ಬದಲಾಗಬೇಕು! ಆ ಪೆಟ್ಟಿಗೆಯೊಳಗೆ ಸಾಮಾನುಗಳೇ ತುಂಬಿ, ಗಾಳಿಗೆ ಸಂದುಗೊಂದುಗಳು ಮಾತ್ರ ಉಳಿದಿರುವುವು. ಸದ್ದಾಗದೆ ಮತ್ತೇನಾದೀತು?

ನಮ್ಮ ವೈದ್ಯಶಾಸ್ತ್ರದಲ್ಲಿ ನಿದಾನಪರಿವರ್ಜನವೆಂಬ ತತ್ತ್ವವುಂಟು. ರೋಗಕ್ಕೆ ಔಷಧವನ್ನು ಹುಡುಕುವ ಮೊದಲು ಅದರ ಕಾರಣವನ್ನು ನಿವಾರಿಸಬೇಕೆಂಬುದೇ ಅದರ ತಾತ್ಪರ್ಯ. ಇಲ್ಲಿಯೂ ಅದೇ ಸರಿಯಾದ ಮಾರ್ಗ. ಬೆಲೆಬಾಳುವ ಬೀಸಣಿಗೆಗಳನ್ನು ಹುಡುಕುವುದು ಔಷಧ; ಶಾಖವನ್ನೇ ಕಡಿಮೆ ಮಾಡುವುದು ನಿದಾನಪರಿವರ್ಜನ.

ಇದು ಮೂರು ವಿಧದಿಂದ ಸಾಧ್ಯ. ಮೊದಲನೆಯದು, ಮಿತವಾಗಿ ಉಣ್ಣುವ ಭಾಗಗಳನ್ನು ಆರಿಸುವುದು. ೨೦೨೩ರಲ್ಲಿ ಬಂದ ಆರ್‌ಟಿಎಕ್ಸ್ ೪೦೬೦ ಎಂಬ ಗ್ರಾಫಿಕ್ಸ್ ಕಾರ್ಡಿಗೆ ೧೧೫ ವ್ಯಾಟು ಸಾಕು. ಅದೇ ಕಂಪೆನಿಯ ೨೦೨೨ರ ಆರ್‌ಟಿಎಕ್ಸ್ ೪೦೯೦ಕ್ಕೆ ೪೫೦ ವ್ಯಾಟು ಬೇಕು. ರೈಜನ್ ೭ ೭೭೦೦ ಎಂಬ ಪ್ರೊಸೆಸರಿನ ಮೇಲೆ ೬೫ ವ್ಯಾಟೆಂದು ಬರೆದಿದ್ದರೂ ಅದು ೮೮ರವರೆಗೆ ಏರಬಲ್ಲುದು; ಪೆಟ್ಟಿಗೆಯ ಮೇಲಣ ಅಂಕಿಯನ್ನೇ ನಂಬಿ ಲೆಕ್ಕ ಹಾಕಬಾರದು. ಹೀಗೆ ಮಿತವಾದ ಜೋಡಿಯನ್ನು ಆರಿಸಿದರೆ ಉಳಿದ ಭಾಗಗಳು ಸೇರಿ ಒಟ್ಟು ಸುಮಾರು ೨೩೦ ವ್ಯಾಟಿನೊಳಗೆ ಕೆಲಸವು ನಡೆಯುವುದು. ದಿನಕ್ಕೆ ಮೂರು ಗಂಟೆ ಆಡಿದರೂ ತಿಂಗಳಿಗೆ ಸುಮಾರು ೨೦ ಯೂನಿಟ್ಟು. ೫೫೦ ವ್ಯಾಟಿನ ಯಂತ್ರವಾದರೆ ಅದೇ ಆಟಕ್ಕೆ ೫೦ ಯೂನಿಟ್ಟು.

ಎರಡನೆಯದು, ವೋಲ್ಟೇಜನ್ನು ತಗ್ಗಿಸುವುದು. ತಯಾರಕರು ಎಲ್ಲಾ ಬಿಡಿಗಳೂ ತಪ್ಪದೆ ನಡೆಯಲೆಂದು ತುಸು ಹೆಚ್ಚಿನ ವೋಲ್ಟೇಜನ್ನೇ ಗೊತ್ತುಮಾಡಿರುತ್ತಾರೆ. ಶಾಖವು ವೋಲ್ಟೇಜಿನ ವರ್ಗವನ್ನು ಅನುಸರಿಸಿ ಏರಿಳಿಯುವುದರಿಂದ, ವೋಲ್ಟೇಜನ್ನು ಹತ್ತರಲ್ಲಿ ಒಂದು ಪಾಲು ಇಳಿಸಿದರೆ, ವೇಗವು ಮೊದಲಿನಂತೆಯೇ ಇದ್ದರೂ, ಶಾಖವು ಹೆಚ್ಚು ಕಡಿಮೆ ಐದರಲ್ಲಿ ಒಂದು ಪಾಲು ಇಳಿಯುವುದು. ಇದನ್ನು ಸ್ವಲ್ಪ ಸ್ವಲ್ಪವಾಗಿ ಮಾಡಿ, ಪ್ರತಿ ಹೆಜ್ಜೆಗೂ ಒಂದು ಗಂಟೆ ಆಡಿಸಿ ನೋಡಬೇಕು. ಯಂತ್ರವು ತಡವರಿಸಿದರೆ ಒಂದು ಹೆಜ್ಜೆ ಹಿಂದಕ್ಕೆ ಬರಬೇಕು.

ಮೂರನೆಯದಕ್ಕೆ ಕಾಸಿನ ಖರ್ಚೂ ಇಲ್ಲ. ಪರದೆಯು ಸೆಕೆಂಡಿಗೆ ೬೦ ಚಿತ್ರಗಳನ್ನು ಮಾತ್ರ ತೋರಿಸಬಲ್ಲುದಾದರೆ, ಕಾರ್ಡು ೧೫೦ನ್ನು ಬರೆಯುವುದು ತೂತುಬಿದ್ದ ಕೊಡಕ್ಕೆ ನೀರು ಸೇದಿದಂತೆ. ಆಟದ ವ್ಯವಸ್ಥೆಯಲ್ಲಿ ಚಿತ್ರಗಳ ಸಂಖ್ಯೆಗೆ ಮಿತಿಯನ್ನು ಹಾಕಿದರೆ ಶಾಖವು ಇಳಿಯುವುದಲ್ಲದೆ, ಕೆಲವು ಕಾರ್ಡುಗಳ ವಿದ್ಯುತ್ ಸುರುಳಿಗಳಿಂದ ಬರುವ, ಸೊಳ್ಳೆಯ ದನಿಯಂತಹ ಕೀರಲು ಸದ್ದೂ ಅಡಗುವುದುಂಟು.

ಹೀಗೆ ಶಾಖವನ್ನು ಇಳಿಸಿದ ಮೇಲೆ ಬೀಸಣಿಗೆಯ ಮಾತು. ಅಗಲವಾದುದು ನಿಧಾನವಾಗಿ ತಿರುಗಿಯೂ ಸಾಕಷ್ಟು ಗಾಳಿಯನ್ನು ಕೊಡುವುದು. ಚಿಕ್ಕದು ಅಷ್ಟನ್ನೇ ಕೊಡಲು ಓಡಬೇಕಾಗುವುದು. ಬೀಸಣಿಗೆಯ ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿಯು ಅರ್ಧವಾಗುವುದು. ಸದ್ದಾದರೋ ಸುಮಾರು ೧೫ ಡೆಸಿಬೆಲ್ ಇಳಿದು, ಕಿವಿಗೆ ಮೊದಲಿನ ಮೂರರಲ್ಲಿ ಒಂದು ಪಾಲಿನಷ್ಟೇ ಎನ್ನಿಸುವುದು. ಶಾಖದಲ್ಲಿ ಉಳಿಸಿದ ಪ್ರತಿಯೊಂದು ವ್ಯಾಟೂ ಸದ್ದಿನಲ್ಲಿ ಬಡ್ಡಿಸಹಿತ ಹಿಂದಕ್ಕೆ ಬರುವುದು ಹೀಗೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಒಂದೇ ಸಮನಾದ ಮೆಲುದನಿಗೆ ಮಲಗಿದವರ ಕಿವಿಯು ಒಗ್ಗುವುದು. ಗಳಿಗೆಗೊಮ್ಮೆ ಏರಿ ಇಳಿಯುವ ದನಿಗೆ ಒಗ್ಗದು. ಆದುದರಿಂದ ಶಾಖವು ಕ್ಷಣಕಾಲ ಏರಿದ ಮಾತ್ರಕ್ಕೆ ಬೀಸಣಿಗೆಯು ಬೆಚ್ಚಿ ಓಡದಂತೆ, ಕೆಲವು ಸೆಕೆಂಡುಗಳ ತಡವಿಟ್ಟು, ಮೆಲ್ಲಗೆ ಏರುವಂತೆ ಗೊತ್ತುಮಾಡತಕ್ಕದ್ದು.

ಗಾಳಿಯ ದಾರಿಯೂ ಸರಳವಾಗಿರಬೇಕು. ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಬೋರ್ಡು ಒಂದು ಪಕ್ಕಕ್ಕೂ ಕಾರ್ಡು ಮತ್ತೊಂದು ಪಕ್ಕಕ್ಕೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುವುವು. ಎರಡನ್ನೂ ಚಪ್ಪಟೆಯಾದ ರೈಸರ್ ಕೇಬಲ್ಲು ಕೂಡಿಸುವುದು. ಹೀಗೆ ಎರಡೂ ತಮ್ಮ ತಮ್ಮ ಪಕ್ಕದ ರಂಧ್ರಗಳಿಂದ ಹೊರಗಿನ ತಂಪು ಗಾಳಿಯನ್ನೇ ನೇರವಾಗಿ ಸೇದಿಕೊಳ್ಳುವುವು. ಟೆರ್ರಾದಲ್ಲಿ ನಡುಗೋಡೆಯನ್ನು ಸರಿಸಲೂ ಬರುವುದು. ಪ್ರೊಸೆಸರಿನ ಕೂಲರಿಗೆ ೪೮ರಿಂದ ೭೭ ಮಿಲ್ಲಿಮೀಟರಿನವರೆಗೆ ಎತ್ತರವನ್ನು ಕೊಡಬಹುದು. ಕೊಟ್ಟಷ್ಟೂ ಕಾರ್ಡಿನ ಪಾಲಿಗೆ ಕಡಿಮೆಯಾಗುವುದು. ಆಸ್ತಿಯನ್ನು ಹಂಚುವಾಗಿನಂತೆ ಇಲ್ಲಿ ಅಳತೆಯು ಮೊದಲು, ಖರೀದಿಯು ಆಮೇಲೆ. ಬೀಸಣಿಗೆಯು ರಂಧ್ರದ ತಗಡಿಗೆ ತಾಗುವಂತಿದ್ದರೆ ಗಾಳಿಯು ಸೀಳಿ ಸಿಳ್ಳಿನಂತೆ ಕೂಗುವುದು. ಕೆಲವು ಮಿಲ್ಲಿಮೀಟರು ಅಂತರವಿದ್ದರೆ ಆ ಕೂಗು ತಗ್ಗುವುದು. ಮಾಹಿತಿಯನ್ನಿಡಲು ತಿರುಗುವ ಹಾರ್ಡ್ ಡಿಸ್ಕು ಬೇಡ. ಎಸ್‌ಎಸ್‌ಡಿಯಲ್ಲಿ ಅಲುಗುವ ಭಾಗವೇ ಇಲ್ಲ.

ಸದ್ದನ್ನು ಮುಚ್ಚಿಡಬೇಕೆಂದು ಕೆಲವರು ಪೆಟ್ಟಿಗೆಯನ್ನು ಬೀರುವಿನೊಳಗೆ ಇಡುವರು. ಇದು ಸರ್ವಥಾ ತಪ್ಪು. ಹೊರಬಿಟ್ಟ ಬಿಸಿಗಾಳಿಯನ್ನೇ ಯಂತ್ರವು ಮತ್ತೆ ಸೇದುವುದರಿಂದ ಬೀಸಣಿಗೆಗಳ ಓಟವು ಇಮ್ಮಡಿಯಾಗುವುದು. ಪೆಟ್ಟಿಗೆಯ ಸುತ್ತಲೂ ಒಂದು ಗೇಣು ತೆರವಿರಲಿ. ಧೂಳು ಕಟ್ಟಿದರೂ ಫಲವು ಒಂದೇ. ತಿಂಗಳಿಗೊಮ್ಮೆ ವಿದ್ಯುತ್ ಕಳಚಿ, ಮೃದುವಾದ ಕುಂಚದಿಂದ ರಂಧ್ರಗಳನ್ನು ಶುಚಿಮಾಡತಕ್ಕದ್ದು.

ನಮ್ಮ ಸೀಮೆಯವರು ವಿಶೇಷವಾಗಿ ನೆನಪಿಡಬೇಕಾದುದು ಹವೆಯನ್ನು. ವಿದೇಶಗಳ ಪರೀಕ್ಷೆಗಳು ಸಾಧಾರಣವಾಗಿ ೨೦-೨೫ ಡಿಗ್ರಿಯ ಕೋಣೆಗಳಲ್ಲಿ ನಡೆಯುವುವು. ರಾಯಚೂರು, ಕಲಬುರಗಿಗಳ ಬೇಸಗೆಯಾದರೋ ೪೦ ಡಿಗ್ರಿಯನ್ನು ಮುಟ್ಟುವುದು. ಕೋಣೆಯು ೧೫ ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಪ್ರೊಸೆಸರೂ ಹೆಚ್ಚು ಕಡಿಮೆ ಅಷ್ಟೇ ಹೆಚ್ಚು ಬಿಸಿಯಾಗಿರುವುದು. ಅದಲ್ಲದೆ, ಸುಮ್ಮನೆ ಕುಳಿತ ಮನುಷ್ಯನೊಬ್ಬನ ದೇಹವು ಸುಮಾರು ೧೦೦ ವ್ಯಾಟಿನ ಶಾಖವನ್ನು ಬಿಡುವುದು. ೫೫೦ ವ್ಯಾಟಿನ ಯಂತ್ರವನ್ನು ಮನೆಗೆ ತಂದರೆ ಅಜ್ಜಿಯ ಕೋಣೆಯಲ್ಲಿ ಐದಾರು ಮಂದಿಯನ್ನು ಹೆಚ್ಚಾಗಿ ಕೂಡಿಸಿದಂತಾಯಿತು. ಬೀಸಣಿಗೆಯು ಎಷ್ಟೇ ಉತ್ತಮವಾಗಿರಲಿ, ಅದು ಶಾಖವನ್ನು ಪೆಟ್ಟಿಗೆಯಿಂದ ಕೋಣೆಗೆ ದಾಟಿಸುವುದೇ ಹೊರತು ನಾಶಮಾಡದು.

'ಹಾಗಾದರೆ ದೊಡ್ಡ ಪೆಟ್ಟಿಗೆಯನ್ನೇ ಏಕೆ ಕೊಳ್ಳಬಾರದು?' ಎಂದು ಕೇಳಬಹುದು. ಸ್ಥಳವಿದ್ದವರು ಅವಶ್ಯವಾಗಿ ಕೊಳ್ಳಬಹುದು. ಅದೇ ಭಾಗಗಳು ದೊಡ್ಡ ಪೆಟ್ಟಿಗೆಯಲ್ಲಿ ಇನ್ನೂ ಸದ್ದಿಲ್ಲದೆ ನಡೆಯುವುವು. ಸುಮಾರು ೧೮ ಲೀಟರಿನ ಕೂಲರ್ ಮಾಸ್ಟರ್ ಎನ್‌ಆರ್೨೦೦ ಮೊದಲಾದವು ಮಧ್ಯಮ ಮಾರ್ಗದವು. ಹೊಸಬರಿಗೆ ಕೈಯಾಡಿಸಲೂ ಅವುಗಳಲ್ಲಿ ಎಡೆಯುಂಟು. ಹತ್ತು ಲೀಟರಿನದೇ ಬೇಕೆನ್ನುವವರು ಮಾತ್ರ ಹಾಸಿಗೆಯಿದ್ದಷ್ಟು ಕಾಲು ಚಾಚಲು ಸಿದ್ಧರಾಗಿರಬೇಕು.

ಮಕ್ಕಳು ಬೇಡಿದಾಗ ಬೇಡವೆಂದು ಗದರುವುದಕ್ಕಿಂತ ಅವರನ್ನು ಹತ್ತಿರ ಕೂಡಿಸಿಕೊಂಡು, ಕಾಗದದ ಮೇಲೆ ಈ ವ್ಯಾಟು, ಲೀಟರು, ಮಿಲ್ಲಿಮೀಟರುಗಳ ಲೆಕ್ಕವನ್ನು ಅವರಿಂದಲೇ ಮಾಡಿಸಿರಿ. ಕಟ್ಟಿ ಮುಗಿದ ಮೇಲೆ ಒಂದು ಬೇಸಗೆಯ ರಾತ್ರಿ, ಮನೆಯವರೆಲ್ಲರೂ ಮಲಗಿರುವಾಗ, ಆಟವನ್ನು ಒಂದು ಗಂಟೆ ನಡೆಸಿ ನೋಡಲಿ. ಮರುದಿನ ಬೆಳಿಗ್ಗೆ ಅಜ್ಜಿಯು 'ನಿನ್ನೆ ಯಂತ್ರವನ್ನು ಹಚ್ಚಿದ್ದೆಯಾ?' ಎಂದು ಕೇಳಿದರೆ ಅವರು ಕಟ್ಟಿದುದು ಸರಿಯಾಗಿದೆಯೆಂದು ತಿಳಿಯಬಹುದು.